ಪೀಪಾಯಿ ಮೇಷ್ಟ್ರ ಕಿವಿ

ಮೇಷ್ಟ್ರ ಕಿವಿ ಕೆಟ್ಟಿರಲಿಲ್ಲ. ಅವರ ಪೀಪಾಯಿ ಕೆಡಿಸಿದವಳು ನಾನು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಸ್ಕೂಲಿನವರು ಗೊತ್ತಿಲ್ಲದೆ ಹೇಳಿದ್ದು, ನಾನು ಗೊತ್ತಿದ್ದೂ ಸುಮ್ಮನೆ ಕೇಳಿಸಿಕೊಂಡದ್ದು.

ಅವರ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ, ಅದಕ್ಕೇ ಪೀಪಾಯಿ ಮೇಷ್ಟ್ರು ಅನ್ನುತ್ತಿದ್ದೆ. ಎಣ್ಣೆ ತುಂಬುವ ಕಬ್ಬಿಣದ ಪೀಪಾಯಿ ಇರುತ್ತದಲ್ಲ, ಅದರ ತಲೆಯನ್ನು ಬಡಿದು ಬಡಿದು ಬಾಣಲೆಯ ಹಾಗೆ ತಗ್ಗು ಮಾಡುತ್ತಾರೆ. ಆ ತಗ್ಗಿನೊಳಗೆ ಒಂದೊಂದು ಸ್ವರಕ್ಕೆ ಒಂದೊಂದು ಉಬ್ಬು ಎಬ್ಬಿಸುತ್ತಾರೆ. ರಬ್ಬರ್ ತುದಿಯ ಕೋಲಿನಿಂದ ನುಡಿಸುತ್ತಾರೆ. ಮೇಷ್ಟ್ರ ಊರು ಟ್ರಿನಿಡಾಡ್, ವಾದ್ಯ ಹುಟ್ಟಿದ್ದೂ ಅಲ್ಲೇ. ಅವರು ಪ್ಯಾನ್ ಅನ್ನುತ್ತಿದ್ದರು. ಮಂಗಳವಾರ, ಗುರುವಾರ ಬ್ರೂಕ್ಲಿನ್‌ನಿಂದ ಎರಡು ರೈಲು, ಒಂದು ಬಸ್ಸು ಹಿಡಿದು ಎಡಿಸನ್‌ನಲ್ಲಿ ನಮ್ಮ ಮನೆ ಹತ್ತಿರದ ಸ್ಕೂಲಿಗೆ ಬಂದು ಮಕ್ಕಳಿಗೆ ಕಲಿಸುತ್ತಿದ್ದರು. ಮೊಮ್ಮಗಳು ನಿಧಿ ಆಗ ಐದನೇ ಕ್ಲಾಸು.

ಅವಳನ್ನು ಕರೆತರುವ ಕೆಲಸ ನನ್ನದು. ಮಗಳು ಸವಿತಾ ಪ್ರಿನ್ಸ್‌ಟನ್ ಕಡೆ ಔಷಧಿ ಲ್ಯಾಬಿಗೆ ಹೋಗುತ್ತಾಳೆ, ಅಳಿಯಂದಿರು ನ್ಯೂಯಾರ್ಕ್ ರೈಲು ಹತ್ತುತ್ತಾರೆ. ನನಗೆ ಕಾರು ಬಾರದು, ಕಾಲು ಗಟ್ಟಿಯಿದೆ. ಕ್ಲಾಸು ಮುಗಿಯುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಪಾತ್ರೆ ತೊಳೆಯುವುದು ಮೆಷಿನ್ನು, ಬಟ್ಟೆ ಒಣಗಿಸುವುದು ಮೆಷಿನ್ನು, ಕಸ ಗುಡಿಸುವುದು ನೆಲದ ಮೇಲೆ ಹರಿದಾಡುವ ಒಂದು ತಟ್ಟೆ. ಆ ಮನೆಯಲ್ಲಿ ನಾನು ಕೂತರೆ ಕೂತಲ್ಲಿ ತುರಿಕೆ. ಏಳುತ್ತೇನೆ, ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಅದಕ್ಕಿಂತ ರಸ್ತೆ ವಾಸಿ.

ಮೊದಲ ದಿನ ಅವರನ್ನು ಕಂಡಾಗ ನಿಧಿಯ ಕೈಯನ್ನು ಗಟ್ಟಿಯಾಗಿ ಹಿಡಿದೆ. ಯಾಕೆ ಹಿಡಿದೆ ಅಂತ ಕೇಳಿದರೆ ಸುಳ್ಳು ಹೇಳುವುದಿಲ್ಲ. ಎತ್ತರದ ಆಳು, ಕಪ್ಪು ಬಣ್ಣ, ಹಿಂದಿನ ಜೇಬಿನಲ್ಲಿ ಸುತ್ತಿಗೆ. ಟಿವಿಯಲ್ಲಿ ನೋಡಿದ್ದು, ಇಲ್ಲಿಯ ನಮ್ಮ ಜನ ಊಟದ ಮೇಜಿನಲ್ಲಿ ಆಡಿಕೊಂಡದ್ದು, ಎಲ್ಲ ನನ್ನ ಕೈಗೆ ಇಳಿದುಬಂದಿತ್ತು. ಅವರು ನೋಡಿದರು. ಎರಡನೇ ವಾರ ನನ್ನ ಮುಂದೆ ಬಂದು ನಿಂತು ಏನೋ ಅಂದರು. ನಿಧಿ ನಾಚಿಕೊಂಡು ಕನ್ನಡಕ್ಕೆ ತಂದಳು:

"ಅಜ್ಜಿ, ನೀವು ಹಿಡ್ಕೊಂಡಿರೋ ಕೈನೇ ಪ್ಯಾನ್ ನುಡಿಸ್ಬೇಕಂತೆ. ಸೋ, ಬಿಡ್ಬೇಕಂತೆ."

ಬಿಟ್ಟೆ. ಆಮೇಲೆ ಅವರು ನನ್ನನ್ನು 'ಆಜೀ' ಎಂದೇ ಕರೆದರು. ನಾವು ಅಜ್ಜಿ ಅನ್ನುವುದನ್ನು ಕೇಳಿ ಅಲ್ಲ. ಅವರು ಹುಟ್ಟಿದ ಬೀದಿಯಲ್ಲಿ ಅರ್ಧ ಜನ, ಹಿಂದೊಮ್ಮೆ ಕಬ್ಬು ಕಡಿಯಲು ಹಡಗಿನಲ್ಲಿ ಹೋದ ನಮ್ಮ ದೇಶದವರ ಮೊಮ್ಮಕ್ಕಳಂತೆ. ಪಕ್ಕದ ಮನೆಯ ಮುದುಕಿಯನ್ನು ಎಲ್ಲರೂ ಆಜೀ ಅನ್ನುತ್ತಿದ್ದರಂತೆ. ಆಕೆ ಇವರಿಗೆ ರೊಟ್ಟಿ ಕೊಡುತ್ತಿದ್ದಳು, ಪೀಪಾಯಿ ಬಡಿದರೆ ಬೈಯುತ್ತಿದ್ದಳು. "ನೀವು ಬೈಯಲ್ಲ, ಅದೊಂದೇ ವ್ಯತ್ಯಾಸ" ಅಂದರು. "ಭಾಷೆ ಬಂದಿದ್ರೆ ಬೈತಿದ್ದೆ ಅಂತ ಹೇಳು" ಎಂದೆ. ನಿಧಿ ಹೇಳಿದಳು. ತಲೆ ಹಿಂದಕ್ಕೆ ಹಾಕಿ ನಕ್ಕರು. ಅವರ ನಗು ಕ್ಲಾಸು ನಡೆಯುತ್ತಿದ್ದ ಸ್ಕೂಲಿನ ಊಟದ ಹಾಲಿನ ಆ ತುದಿ ಮುಟ್ಟಿ ವಾಪಸು ಬರುತ್ತಿತ್ತು.

ಅವರು ಕೂತದ್ದನ್ನು ನಾನು ಕಂಡಿಲ್ಲ. ಅದೊಂದು ನಮ್ಮಿಬ್ಬರಿಗೂ ಸಮ. ತಿನ್ನುವುದೂ ನಿಂತುಕೊಂಡೇ. ಮಾತಾಡುವಾಗ ಬೆರಳು ಏನನ್ನಾದರೂ ತಟ್ಟುತ್ತಲೇ ಇರಬೇಕು: ಕಿಟಕಿಯ ಚೌಕಟ್ಟು, ನೀರಿನ ಪೈಪು, ಮಕ್ಕಳ ಊಟದ ಡಬ್ಬಿ. ಒಂದು ದಿನ ಚಿತ್ರಾನ್ನ ಕೊಟ್ಟೆ. ತಿನ್ನುವ ಮೊದಲು ನನ್ನ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಗೆಣ್ಣಿನಿಂದ ಎರಡು ತಟ್ಟಿ, ಇದರ ಸ್ವರ ಇಂಥದ್ದು, ಆದರೆ ಒಂದು ಕೂದಲೆಳೆ ಇಳಿದಿದೆ ಎಂದರು. ಆಮೇಲೆ ತಿಂದು, ಖಾರ ಸಾಲದು ಅಂದರು. ನನಗೆ ರೇಗಿತು. ಮುಂದಿನ ವಾರ ಎಂಟು ಹಸಿಮೆಣಸಿನಕಾಯಿ ಸೀಳಿ ಹಾಕಿದೆ. ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದು ಖಾಲಿ ಡಬ್ಬಿ ಕೊಟ್ಟರು. "ಈಗ ಸರಿ."

ಅವರ ಕಿವಿಯ ಬಗ್ಗೆ ಒಂದು ಹೇಳಿಬಿಡಬೇಕು, ಇಲ್ಲವಾದರೆ ಇದನ್ನು ಬರೆದು ಪ್ರಯೋಜನವಿಲ್ಲ. ಇಪ್ಪತ್ತು ಮಕ್ಕಳು ಒಟ್ಟಿಗೆ ಬಾರಿಸುತ್ತಿದ್ದಾರೆ. ನನಗೆ ಅದು ಸಂತೆ ಗದ್ದಲ. ಮೇಷ್ಟ್ರು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದಾರೆ. ಬರೆಯುವ ಕೈ ನಿಲ್ಲಿಸದೆ ಕೂಗಿದರು, ಮೂರನೇ ಸಾಲಿನ ಕೊನೆಯವಳೇ, ನಿನ್ನ ಎಡಗೈ ಕೋಲಿನ ರಬ್ಬರ್ ಸೀಳಿದೆ, ಬದಲಾಯಿಸಿಕೋ. ನಾನು ಎದ್ದು ಹೋಗಿ ನೋಡಿದೆ. ಸೀಳಿತ್ತು.

ಕಲಿಸುವ ಕ್ರಮ ಬೇರೆಯೇ. ಮೊದಲ ಮೂರು ವಾರ ಮಕ್ಕಳ ಕೈಗೆ ಪ್ಯಾನ್ ಕೊಡಲಿಲ್ಲ. ಮೊದಲ ದಿನ ಒಂದು ಪ್ಯಾನನ್ನು ಮೇಜಿನ ಮೇಲೆ ಮಗುಚಿ ಹಾಕಿ ಎಲ್ಲರನ್ನೂ ಕರೆದರು. "ಮೊದಲು ಅಡಿ ನೋಡಿ. ಮೇಲೆ ಹೊಳಪು ಇರುತ್ತೆ. ಯಾರು ಎಷ್ಟು ಹೊಡೆದಿದ್ದಾರೆ ಅನ್ನೋದು ಅಡಿಯಲ್ಲಿ ಇರುತ್ತೆ." ಮಕ್ಕಳು ಬಗ್ಗಿ ಸುತ್ತಿಗೆಯ ಗುರುತುಗಳ ಮೇಲೆ ಬೆರಳಾಡಿಸಿದರು. ನಾನೂ ಆಡಿಸಿದೆ.

ಎರಡನೇ ವಾರ ಚರ್ಮದ ಒಂದು ಡೋಲು ತಂದು ಕೊಟ್ಟು ಬಾರಿಸಿ ಅಂದರು. ಮಕ್ಕಳು ಹುರುಪಿನಿಂದ ಬಾರಿಸುವಾಗ ಕಿತ್ತುಕೊಂಡರು. "ಸರ್ಕಾರದ ಆಜ್ಞೆ. ಡೋಲು ಬಂದ್." ಮಕ್ಕಳು ಪಿಳಿಪಿಳಿ ನೋಡಿದರು. ಬಿದಿರಿನ ಬೊಂಬು ಕೊಟ್ಟರು. ನೆಲಕ್ಕೆ ಕುಟ್ಟಿ ತಾಳ ಹಿಡಿಯುವ ಹೊತ್ತಿಗೆ ಅದನ್ನೂ ಕಿತ್ತುಕೊಂಡರು. "ಬಿದಿರೂ ಬಂದ್." ಬಿಸ್ಕತ್ತಿನ ಡಬ್ಬ ಕೊಟ್ಟರು, ಕಸದ ತೊಟ್ಟಿಯ ಮುಚ್ಚಳ ಕೊಟ್ಟರು, ಎಲ್ಲ ಕೊಟ್ಟು ಎಲ್ಲ ಕಿತ್ತುಕೊಂಡರು. ಕೊನೆಗೆ ಮಕ್ಕಳ ಕೈಯಲ್ಲಿ ಏನೂ ಇಲ್ಲ. ಆಮೇಲೆ ನಿಧಿಯ ಪಕ್ಕದ ಹುಡುಗಿ ಊಟದ ಮೇಜನ್ನು ಅಂಗೈಯಿಂದ ಹೊಡೆದಳು. ಇನ್ನೊಬ್ಬ ಬೆಂಚಿಗೆ ಹೊಡೆದ. ಇಪ್ಪತ್ತು ಮಕ್ಕಳೂ ಕೈಗೆ ಸಿಕ್ಕಿದ್ದಕ್ಕೆಲ್ಲ ಹೊಡೆದವು. ಆಫೀಸಿನವರು ಬೆಂಕಿ ಬಿತ್ತೇನೋ ಅಂತ ಓಡಿಬಂದರು. ಮೇಷ್ಟ್ರು ಆ ಗದ್ದಲದ ನಡುವೆ ಎರಡೂ ಕೈ ಎತ್ತಿ ನಗುತ್ತಿದ್ದರು. "ಇಷ್ಟೇ ನಮ್ಮ ಚರಿತ್ರೆ! ಬಿಳಿಯರು ಒಂದೊಂದೇ ಕಿತ್ತುಕೊಂಡರು, ನಾವು ಮುಂದಿನದ್ದಕ್ಕೆ ಹೊಡೆದೆವು. ಕೊನೆಗೆ ಸಿಕ್ಕಿದ್ದು ಅವರೇ ಬಿಸಾಕಿದ ಎಣ್ಣೆ ಪೀಪಾಯಿ."

ಇದೆಲ್ಲ ಎಲ್ಲರಿಗೂ ಹಿಡಿಸಲಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ಬೆಂಗಳೂರಿನ ಒಬ್ಬಳು ಗಾಜು ಇಳಿಸಿ ಕೇಳಿದಳು:

"ಆಂಟಿ, ನಿಧೀನ ಡಬ್ಬ ಬಡಿಯೋಕ್ ಹಾಕಿದೀರಂತೆ? ನಮ್ಮವಳು ವಯೊಲಿನ್‌ಗೆ ಹೋಗ್ತಾಳೆ. ಕಾಲೇಜ್ ಅಪ್ಲಿಕೇಷನ್‌ಗೂ ಚೆನ್ನಾಗಿರತ್ತೆ."

"ಯಾಕಮ್ಮ, ಮಡಕೆ ಬಡಿದ್ರೆ ವಿದ್ವಾಂಸರು ಅಂತ ಶಾಲು ಹೊದಿಸ್ತೀರ. ಪೀಪಾಯಿ ಏನ್ ಪಾಪ ಮಾಡಿದೆ?"

"ಹಂಗಲ್ಲ ಆಂಟಿ..."

"ಹಂಗೇ."

ಗಾಜು ಏರಿತು.

ನನಗೆ ಆ ಕ್ಲಾಸಿನ ಮೇಲೆ ಅಷ್ಟು ಮನಸ್ಸು ಯಾಕೆ ಹೋಯಿತು ಅಂದರೆ ಅಲ್ಲಿ ಸುತ್ತಿಗೆ ಇತ್ತು. ನಮ್ಮಪ್ಪ ಮೈಸೂರಿನಲ್ಲಿ ಪಾತ್ರೆ ರಿಪೇರಿ ಮಾಡುತ್ತಿದ್ದರು. ಕಲಾಯಿ ಹಾಕುವುದು, ಬೆಸುಗೆ, ನೆಗ್ಗು ತೆಗೆಯುವುದು. ನಾಲ್ಕನೇ ಕ್ಲಾಸಿಗೆ ನನ್ನನ್ನು ಬಿಡಿಸಿ ತಿದಿ ಒತ್ತಲು ಕೂರಿಸಿದರು. ಹದಿನೈದು ವರ್ಷಕ್ಕೆ ಅಪ್ಪನಿಗಿಂತ ನುಣ್ಣಗೆ ನೆಗ್ಗು ತೆಗೆಯುತ್ತಿದ್ದೆ. ಕೊಡವನ್ನು ತಿರುಗಿಸಿ ನೋಡಿದರೆ ಎಲ್ಲಿ ಬಿದ್ದಿತ್ತು ಅಂತ ಹೇಳಲಾಗುತ್ತಿರಲಿಲ್ಲ. ಅಪ್ಪ ಹೋದಮೇಲೆ ಅವರ ಸಣ್ಣ ಸುತ್ತಿಗೆ ನನಗೆ ಬಂತು. ಅದರ ಮುಖದ ಅಂಚಿನಲ್ಲಿ ಒಂದು ಮುಕ್ಕು ಇದೆ. ಹೊಡೆದಲ್ಲೆಲ್ಲ ಉಗುರು ಒತ್ತಿದಷ್ಟು ಒಂದು ಗೀರು ಬೀಳುತ್ತದೆ. ಆ ಗೀರು ನೋಡಿಯೇ ನಮ್ಮ ಬೀದಿಯವರು ಇದು ಇಂಥವರ ಕೈಕೆಲಸ ಅನ್ನುತ್ತಿದ್ದರು. ಅಮೆರಿಕಕ್ಕೆ ಬರುವಾಗ ಸೀರೆಯೊಳಗೆ ಸುತ್ತಿ ಸೂಟ್‌ಕೇಸಿಗೆ ಹಾಕಿದೆ. "ಅಮ್ಮ, ಇದ್ಯಾಕೆ?" ಅಂದಳು ಸವಿತಾ. "ನಿನ್ನ ಉಪ್ಪಿನಕಾಯಿ ಜಾಡಿ ಯಾಕೋ ಅದಕ್ಕೇ" ಎಂದೆ.

ಒಂದು ಗುರುವಾರ ಅದನ್ನು ಮೇಷ್ಟ್ರಿಗೆ ತೋರಿಸಿದೆ. ಬಟ್ಟೆ ಬಿಚ್ಚಿ, ಅಂಗೈಯಲ್ಲಿ ತೂಗಿ, ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ಮುಕ್ಕಿನ ಹತ್ತಿರ ಬೆರಳು ನಿಂತಿತು. ತಮ್ಮ ಜೇಬಿನದನ್ನು ತೆಗೆದು ನನ್ನ ಕೈಗಿಟ್ಟರು. ಹಿಡಿ ಬೆವರಿಗೆ ಕಪ್ಪಾಗಿತ್ತು. ಹೀಗೇ ಅವರದನ್ನು ನಾನು, ನನ್ನದನ್ನು ಅವರು ಹಿಡಿದುಕೊಂಡು ನಿಂತಿದ್ದೆವು. ನಿಧಿಗೆ ಬೇಸರ ಬಂದು ಬ್ಯಾಗು ಎಳೆಯುತ್ತಿದ್ದಳು. ಸುತ್ತಿಗೆ ವಾಪಸು ಕೊಡುವಾಗ ಒಂದು ಮಾತು ಅಂದರು. ನಿಧಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಿಮ್ಮಪ್ಪ ಹೊಡೆದದ್ದು ಪಾತ್ರೆ ಸುಮ್ಮನಿರಲಿ ಅಂತ. ನಾನು ಹೊಡೆಯೋದು ಅದು ಮಾತಾಡಲಿ ಅಂತ."

ನಕ್ಕುಬಿಟ್ಟೆ. ತಲೆಗೆ ಹಾಕಿಕೊಳ್ಳಬೇಕಾಗಿತ್ತು.

ಆ ವರ್ಷದ ಸ್ಪ್ರಿಂಗ್ ಕಾನ್ಸರ್ಟಿನಲ್ಲಿ ಮುಂದೆ ನಿಂತು ಮುಖ್ಯ ಪ್ಯಾನ್ ನುಡಿಸಲು ನಿಧಿಯನ್ನು ಆರಿಸಿದರು. ಕಾನ್ಸರ್ಟು ಗುರುವಾರ. ಸ್ಕೂಲಿನ ಪ್ಯಾನ್‌ಗಳನ್ನು ಮನೆಗೆ ಕೊಡುವ ಹಾಗಿಲ್ಲ. ಮಂಗಳವಾರ ಮೇಷ್ಟ್ರು ತಮ್ಮ ಸ್ವಂತದ್ದನ್ನೇ, ಬ್ರೂಕ್ಲಿನ್‌ನಿಂದ ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದ ಹಳೆಯದನ್ನು, ಅವಳಿಗೆ ಕೊಟ್ಟರು. ಅದನ್ನು ಮಾಡಿದ್ದು ಅವರ ಗುರು. ಕಬ್ಬಿಣ ಹದಕ್ಕೆ ಬರಲೆಂದು ಪೀಪಾಯಿಯ ಕೆಳಗೆ ಬೆಂಕಿ ಹಾಕಿದ್ದು, ಆಗ ಇನ್ನೂ ಮೀಸೆ ಮೂಡದಿದ್ದ ಇವರು. "ಎರಡು ದಿನ ಇದರ ಜೊತೆ ಇರು. ಹೊಡೀಬೇಡ, ಕೇಳು." ಹಾಗಂದು ಚೀಲದ ಪಟ್ಟಿಯನ್ನು ಅವಳ ಹೆಗಲಿಗೆ ತಾವೇ ಸರಿ ಮಾಡಿದರು.

ಅವತ್ತು ಸವಿತಾ ಕಾರು ತಂದಿದ್ದಳು. ಮನೆಯ ಮುಂದೆ ಇಳಿಸುವಾಗ ಚೀಲ ನಿಧಿಯ ಕೈ ಜಾರಿ ಸಿಮೆಂಟಿನ ಮೇಲೆ ಬಿತ್ತು. ದಢಾರ್ ಅಂತ ಸದ್ದು. ಮಗು ಬಿಳಿಚಿಕೊಂಡಿತು. ಬಿಚ್ಚಿ ನೋಡಿದೆವು. ಅವರಿಬ್ಬರಿಗೂ ಏನೂ ಕಾಣಲಿಲ್ಲ. ನನಗೆ ಕಂಡಿತು. ಅಂಚಿಗೆ ಹತ್ತಿರದ ಒಂದು ಉಬ್ಬಿನ ನಡುವೆ ಹೆಬ್ಬೆರಳು ಒತ್ತಿದ ಹಾಗೆ ಸಣ್ಣ ತಗ್ಗು. ಬೇರೆ ಉಬ್ಬುಗಳಲ್ಲಿ ಅದು ಇಲ್ಲ. ಬಾಯಿ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಎಲ್ಲರೂ ಹೋದರು. ನಾನು ಪ್ಯಾನ್ ಇಟ್ಟಿದ್ದ ಗ್ಯಾರೇಜಿಗೆ ಹೋಗಿ ನೋಡಿದೆ, ಒಳಗೆ ಬಂದೆ. ಕಾಫಿ ಬಿಸಿ ಮಾಡಿದೆ, ಮತ್ತೆ ಹೋಗಿ ನೋಡಿದೆ. ನಾಲ್ಕು ಸಲ ಹೋಗಿಬಂದೆ. ಮಗುವಿನ ಮೇಲೆ ಅಪವಾದ ಬರುತ್ತದೆ ಎಂದುಕೊಂಡೆ. ಅದು ನೆಪ. ನೆಗ್ಗು ಕಂಡು ಕೈ ಕಟ್ಟಿಕೊಂಡು ಕೂರುವುದು ನನಗೆ ಬಾರದು, ನಿಜ ಅದು. ಐದನೇ ಸಲ ಸುತ್ತಿಗೆ ತೆಗೆದುಕೊಂಡೇ ಹೋದೆ. ಪೀಪಾಯಿಯನ್ನು ಟವೆಲ್ಲಿನ ಮೇಲೆ ಪಕ್ಕಕ್ಕೆ ಮಲಗಿಸಿ, ಮುಂದಿನಿಂದ ಎಡಗೈ ಒತ್ತು ಕೊಟ್ಟು, ಹಿಂದಿನಿಂದ ಸಣ್ಣಸಣ್ಣ ಏಳು ಪೆಟ್ಟು. ತಗ್ಗು ಎದ್ದುಬಂತು. ಬೆಳಕಿಗೆ ಹಿಡಿದು ನೋಡಿದೆ. ಎಲ್ಲಿತ್ತು ಅಂತ ಹೇಳಲಾಗದಷ್ಟು ನುಣುಪು. ಎಷ್ಟೋ ವರ್ಷಗಳಾದ ಮೇಲೆ ಹೊಟ್ಟೆ ತುಂಬಿದ ಹಾಗಾಯಿತು. ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದೆ.

ಸಂಜೆ ನಿಧಿ ಸ್ಟ್ಯಾಂಡಿಗೆ ಹಾಕಿ ನುಡಿಸಿದಳು. ನಿಲ್ಲಿಸಿದಳು. ಅದೇ ಜಾಗಕ್ಕೆ ಎರಡು ಸಲ ಹೊಡೆದಳು.

"ಅಜ್ಜಿ, ಇಟ್ ಸೌಂಡ್ಸ್ ವಿಯರ್ಡ್."

ನನಗೂ ಕೇಳಿಸಿತ್ತು. ಉಳಿದವು ಗಂಟೆಯ ಹಾಗೆ ಎಳೆದು ನಿಲ್ಲುತ್ತಿದ್ದವು. ಅದೊಂದು ಠಣ್ ಅಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ತೊಳೆದು ಮಗುಚಿದ ಕೊಳದಪ್ಪಲೆಯ ಸದ್ದು. ಆ ತಗ್ಗು ಬಿದ್ದು ಆದದ್ದಲ್ಲ, ಅವರ ಗುರು ಬೇಕಂತ ಕೂರಿಸಿದ್ದು ಅಂತ ನನಗೆ ಆ ಕ್ಷಣಕ್ಕೆ ತಿಳಿಯಿತು. ತಿಳಿದೂ ನಾನು ಹೇಳಿದ್ದು ಇದು:

"ನಿನ್ನೆ ಬೀಳಿಸ್ದೆಯಲ್ಲ, ಅದಕ್ಕೆ. ಸುಮ್ನೆ ನುಡಿಸು, ಸರಿಹೋಗತ್ತೆ."

ಕಾನ್ಸರ್ಟಿನ ದಿನ ಮೇಷ್ಟ್ರ ರೈಲು ಎಲ್ಲೋ ನಿಂತುಬಿಟ್ಟಿತ್ತು. ಅವರು ಓಡಿಬಂದಾಗ ಮಕ್ಕಳು ಆಗಲೇ ವೇದಿಕೆಯ ಮೇಲಿದ್ದರು. ಕೈ ಎತ್ತಿದರು, ಶುರುವಾಯಿತು. ಆ ಹಾಡಿನಲ್ಲಿ ಆ ಸ್ವರ ಎಷ್ಟು ಸಲ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ತಿರುಗಿ ತಿರುಗಿ ಅಲ್ಲಿಗೇ ಬರುತ್ತದೆ. ಠಣ್. ಮೊದಲ ಸಲಕ್ಕೇ ಅವರ ಭುಜ ಎದ್ದು ಬಿಗಿಯಿತು, ಹಾಡು ಮುಗಿಯುವವರೆಗೂ ಇಳಿಯಲಿಲ್ಲ. ಕೈ ಮಾತ್ರ ತಾಳ ಬಿಡಲಿಲ್ಲ. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿಧಿ ಅಳುತ್ತಲೇ ಕೊನೆ ಮುಟ್ಟಿಸಿದಳು.

ಮುಗಿದ ಮೇಲೆ ಸ್ಕೂಲಿನ ಸಂಗೀತದ ಟೀಚರ್, ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯವಳೇ, ಅವರ ಹತ್ತಿರ ಬಂದು ಕೇಳಿದಳು. ಆ ಪ್ಯಾನ್ ಸ್ವರ ತಪ್ಪಿದೆಯಲ್ಲ, ನಿಮಗೆ ಗೊತ್ತಾಗಲಿಲ್ಲವೇ ಅಂತ. ಸುತ್ತ ಅಪ್ಪ ಅಮ್ಮಂದಿರು ನಿಂತಿದ್ದರು. ಮೇಷ್ಟ್ರು ಪ್ಯಾನಿನ ಅಡಿಗೆ ಕೈ ಹಾಕಿದರು. ಹೆಬ್ಬೆರಳು ಹುಡುಕುತ್ತಾ ಹೋಯಿತು, ನಿಂತಿತು. ಗೀರು ಸಿಕ್ಕಿತ್ತು. ತಲೆ ಎತ್ತಿ ನೇರ ನನ್ನ ಮುಖ ನೋಡಿದರು. ನಾನು ನಿಧಿಯ ಸ್ವೆಟರ್ ಹಿಡಿದು ನಿಂತಿದ್ದೆ.

"ನನ್ನ ಕಿವಿ," ಅಂದರು ಟೀಚರ್‌ಗೆ. "ವಯಸ್ಸಾಯಿತು. ನಾನು ನೋಡಿಕೊಳ್ಳಬೇಕಿತ್ತು."

ನಿಧಿಗೆ, ನೀನು ಸರಿಯಾಗಿ ನುಡಿಸಿದೆ ಎಂದರು. ಅವಳು ನಂಬಲಿಲ್ಲ. ಚೀಲ ಬೆನ್ನಿಗೆ ಹಾಕಿಕೊಂಡು ಹೊರಡುವಾಗ ನನ್ನ ಪಕ್ಕ ಒಂದು ಗಳಿಗೆ ನಿಂತು, ನನಗೆ ತಿಳಿಯುವಷ್ಟೇ ಇಂಗ್ಲಿಷಿನಲ್ಲಿ, "ಗುಡ್ ಹ್ಯಾಂಡ್, ಆಜೀ" ಅಂದರು. ವ್ಯಂಗ್ಯವಲ್ಲ. ಕೆಲಸ ಬಲ್ಲವರು ಕೆಲಸ ನೋಡಿ ಹೇಳುವ ಹಾಗೆ ಹೇಳಿದರು. ಬೈದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು.

ಮುಂದಿನ ವರ್ಷ ಸ್ಕೂಲಿನವರು ಅವರನ್ನು ಕರೆಯಲಿಲ್ಲ. ಪಾಪ, ಕಿವಿ ಕೇಳಿಸುವುದಿಲ್ಲವಂತೆ ಅಂದರು. ಆ ಹೊತ್ತಿಗೆ ಕೀಬೋರ್ಡಿನ ಕ್ಲಾಸು ಬಂತು. ನಿಧಿ ಮಿಡ್ಲ್ ಸ್ಕೂಲಿಗೆ ಹೋದಳು, ಯಾವ ವಾದ್ಯಕ್ಕೂ ಸೇರಲಿಲ್ಲ. ಒಮ್ಮೆ ಗೆಳತಿಯೊಬ್ಬಳು ಮನೆಗೆ ಗಿಟಾರ್ ತಂದು ಹಿಡ್ಕೋ ಅಂದಾಗ ಇವಳು ಎರಡೂ ಕೈ ಬೆನ್ನ ಹಿಂದಕ್ಕೆ ಕಟ್ಟಿಕೊಂಡು, "ನೋ, ಐ ಡ್ರಾಪ್ ಥಿಂಗ್ಸ್" ಅಂದಳು. ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

ಯಾಕೆ ಹೇಳಲಿಲ್ಲ? ಇಂಗ್ಲಿಷ್ ಬರದು ಅಂತಲ್ಲ. ಮಗಳಿಗೆ ನಾಚಿಕೆಯಾದೀತು ಅಂತಲೂ ಅಲ್ಲ. ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಆ ಒಂದು ಕೈಕೆಲಸ. ಅದು ತಪ್ಪಿತು ಅಂತ ಒಪ್ಪುವುದಕ್ಕಿಂತ ಇನ್ನೊಬ್ಬರ ಕಿವಿ ಹೋಯಿತು ಅನ್ನುವುದು ಸುಲಭವಾಗಿತ್ತು. ಎರಡು ವರ್ಷ ಮಂಗಳವಾರ ಗುರುವಾರ ಬಂದರೆ ಮನೆಯಲ್ಲಿ ನಿಲ್ಲಲಾಗದೆ ಸ್ಕೂಲಿನ ದಾರಿಯಲ್ಲಿ ಅರ್ಧಕ್ಕೆ ಹೋಗಿ ವಾಪಸು ಬರುತ್ತಿದ್ದೆ.

ಕಳೆದ ತಿಂಗಳು ಸವಿತಾ ಫೋನಿನಲ್ಲಿ ಏನೋ ಓದುತ್ತಾ, "ಅಮ್ಮ, ನಿಮ್ಮ ಡ್ರಮ್ ಮೇಷ್ಟ್ರು ಹೋಗ್ಬಿಟ್ರಂತೆ. ಸ್ಕೂಲ್‌ನಲ್ಲಿ ಮೆಮೋರಿಯಲ್ ಇದೆ, ಹೋಗ್ತೀರಾ?" ಅಂದಳು.

ಹೋದೆವು, ಮೂವರೂ. ಅದೇ ಊಟದ ಹಾಲು. ಬ್ರೂಕ್ಲಿನ್‌ನಿಂದ ಅವರ ತಂಗಿ ಬಂದಿದ್ದರು. ನನ್ನ ವಯಸ್ಸಿನವರು, ಹ್ಯಾಟು, ಕೈಗವಸು, ಬೆನ್ನು ಬಾಗಿಸದೆ ನಮ್ಮ ಸಾಲಿನಲ್ಲೇ ಕೂತಿದ್ದರು. ಅಣ್ಣನ ಹಳೆಯ ಪ್ಯಾನನ್ನು ಸ್ಕೂಲಿಗೆ ಕೊಡಲು ತಂದಿದ್ದರು. ಅದನ್ನು ಆಗಲೇ ಗೋಡೆಗೆ ತೂಗುಹಾಕಿ ಆಗಿತ್ತು, ಬಟ್ಟಲು ಮುಂದಕ್ಕೆ, ಅಡಿ ಗೋಡೆಗೆ. ಮೇಷ್ಟ್ರು ಆ ಒಂದು ಸ್ವರವನ್ನು ಮತ್ತೆ ತಿದ್ದಿರಲಿಲ್ಲ ಅಂತ ನಾನು ದೂರದಿಂದಲೇ ಕಂಡೆ. ಗುರು ಕೂರಿಸಿದ್ದನ್ನು ತಾನು ಮುಟ್ಟಬಾರದು ಅಂತಲೋ, ಇನ್ನೇನೋ. ಕೇಳಲು ಅವರಿಲ್ಲ.

ಸಂಗೀತದ ಟೀಚರ್ ಮಾತಾಡಿದಳು. ನಿಧಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು: "ಕೊನೆಗೆ ಅವರಿಗೆ ಕಿವಿ ಕೇಳಿಸ್ತಿರ್ಲಿಲ್ಲ, ಆದ್ರೂ ಮಕ್ಕಳ ಮೇಲೆ ಪ್ರೀತಿ ಇತ್ತು ಅಂತಿದಾರೆ." ಎಲ್ಲರೂ ತಲೆಯಾಡಿಸಿದರು. ತಂಗಿಯ ಕೈಗವಸಿನ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು. ಪಕ್ಕದವರಿಗೆ ಏನೋ ಮೆಲ್ಲಗೆ ಅಂದರು. ಪಕ್ಕದವರು ಕೇಳಿಸಿಕೊಳ್ಳಲಿಲ್ಲ.

"ಏನಂದ್ರು?" ಎಂದು ನಿಧಿಯನ್ನು ಕೇಳಿದೆ.

"ರಸ್ತೆ ಆಚೆ ಯಾರಾದ್ರೂ ಪ್ಯಾನ್ ನುಡಿಸಿದ್ರೆ ನಮ್ಮಣ್ಣಂಗೆ ಅದು ಔಟ್ ಆಫ್ ಟ್ಯೂನ್ ಅಂತ ಗೊತ್ತಾಗ್ತಿತ್ತು, ಲಾಸ್ಟ್ ವೀಕ್‌ವರೆಗೂ, ಅಂತ." ನಿಧಿಯ ದನಿ ಸಣ್ಣದಾಯಿತು. "ಐ ಬ್ರೋಕ್ ದಟ್ ಪ್ಯಾನ್, ಅಜ್ಜಿ."

ನಾನು ಎದ್ದೆ. ಮಾತಾಡಲು ಎದ್ದೆ. ಕಾಲು ಟೀ ಇಟ್ಟಿದ್ದ ಮೂಲೆಗೆ ಹೋಯಿತು. ಅಲ್ಲಿ ಯಾರೂ ಹೇಳದಿದ್ದರೂ ಲೋಟಗಳನ್ನು ತೊಳೆದೆ. ಕಾಗದದ ಲೋಟಗಳು. ಹೊರಡುವವರೆಗೂ ತೊಳೆದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ಪ್ಯಾನ್ ಕೆಟ್ಟಿದ್ದು ನೀನು ಬೀಳಿಸಿದ್ದಕ್ಕಲ್ಲ ಕಣೇ. ಮಾರನೇ ದಿನ ನಾನು ಸುತ್ತಿಗೇಲಿ ಹೊಡೆದೆ."

"ವಾಟ್?"

"ನೆಗ್ಗು ಅಂದ್ಕೊಂಡೆ. ತೆಗೆದೆ."

"ನಾನು ಬೀಳಿಸಿದ್ದಕ್ಕೆ ಅಂತ ನೀವೇ ಹೇಳಿದ್ರಿ."

"ಹೌದು. ಹೇಳ್ದೆ."

"ಟೂ ಇಯರ್ಸ್, ಅಜ್ಜಿ."

ಸವಿತಾ ಕಾರಿನ ಕೀಲಿ ಹಿಡಿದುಕೊಂಡೇ ನಿಂತಿದ್ದಳು. "ಅಮ್ಮ, ಬಿಡಿ ಈಗ. ಹೋದವರಿಗೆ ಏನ್ ಗೊತ್ತಾಗತ್ತೆ?"

"ಹೋದವರಿಗೆ ಅವತ್ತೇ ಗೊತ್ತಿತ್ತು. ತಂಗಿ ಇದಾಳಲ್ಲ, ಅವಳಿಗೆ ಗೊತ್ತಾಗ್ಬೇಕು."

ನಿಧಿಗೆ ಪೆನ್ನು ಕೊಟ್ಟು ಇಂಗ್ಲಿಷಿನಲ್ಲಿ ಬರಿ ಎಂದೆ. ಮೂರು ಸಾಲು. ಮೇಷ್ಟ್ರ ಕಿವಿ ಸರಿಯಿತ್ತು. ಅಜ್ಜಿ ಸುತ್ತಿಗೆಯಿಂದ ಹೊಡೆದು ಸ್ವರ ಕೆಡಿಸಿದಳು. ಮಗು ಬೀಳಿಸಿದ್ದರಿಂದ ಏನೂ ಆಗಿಲ್ಲ. ಮೂರನೇ ಸಾಲು ಬರೆಯುವಾಗ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿದಳು. ಮೇಜಿನ ಮೇಲೆ ಬಿಸಾಕಿ ಕೋಣೆಗೆ ಹೋದಳು. ಕರೆಯಲಿಲ್ಲ. ಕರೆಯುವ ಹಕ್ಕಿರಲಿಲ್ಲ.

ಮಾರನೇ ಬೆಳಿಗ್ಗೆ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸ್ಕೂಲಿಗೆ ನಡೆದೆ. ಬಾಗಿಲು ಬೀಗ. ಗುಂಡಿ ಒತ್ತಿದೆ. ಗೋಡೆಯೊಳಗಿನ ದನಿ ಏನು ಕೆಲಸ ಅಂತ ಕೇಳಿತು. ಬಾಯಲ್ಲಿ ಹೇಳಲು ಬಾರದೆ ಬಟ್ಟೆ ಬಿಚ್ಚಿ ಸುತ್ತಿಗೆಯನ್ನು ಕ್ಯಾಮೆರಾಗೆ ಎತ್ತಿ ತೋರಿಸಿದೆ. ಈ ದೇಶದ ಸ್ಕೂಲಿನ ಬಾಗಿಲಲ್ಲಿ ಮಾಡುವ ಕೆಲಸವಲ್ಲ ಅದು. ಕಾವಲಿನವನು ಓಡಿಬಂದ. ಪುಣ್ಯಕ್ಕೆ ಹಳಬ, ಪ್ಯಾನ್‌ಗಳ ಕೋಣೆಯ ಬೀಗ ತೆಗೆದುಕೊಡುತ್ತಿದ್ದವನು. ನನ್ನನ್ನು ನೋಡಿ ಉಸಿರು ಬಿಟ್ಟ. "ಆಜೀ, ನೋ, ನೋ," ಅಂದು ಸುತ್ತಿಗೆಯನ್ನು ತಾನೇ ಹಿಡಿದುಕೊಂಡು ನನ್ನ ಪಕ್ಕ ಊಟದ ಹಾಲಿಗೆ ನಡೆದ.

ಸಂಗೀತದ ಟೀಚರ್ ಅಲ್ಲಿಗೆ ಬಂದು ಕಾಗದ ಓದಿದಳು. ಇನ್ನೊಂದು ಸಲ ಓದಿದಳು. ಕುರ್ಚಿ ಎಳೆದಳು. ನಾನು ಕೂರಲಿಲ್ಲ. ಗೋಡೆ ತೋರಿಸಿ, ಅಂಗೈ ಮಗುಚಿ ತೋರಿಸಿದೆ. ಕಾವಲಿನವನು ಪ್ಯಾನ್ ಇಳಿಸಿ ಮೇಜಿನ ಮೇಲೆ ಮಗುಚಿ ಹಾಕಿದ. ಏಳು ಗೀರುಗಳೂ ಅಲ್ಲೇ ಇದ್ದವು. ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಅದರ ಮುಕ್ಕನ್ನು ಒಂದರ ಮೇಲೆ ಇಟ್ಟೆ. ಸರಿಯಾಗಿ ಕೂತಿತು. ಅವಳು ತನ್ನ ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಸಿಸ್ಟರ್," ಅಂದೆ. "ಫೋನ್."

ಟೀಚರ್ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಮೂರು ಸಾಲನ್ನೂ ತಂಗಿಗೆ ಓದಿ ಹೇಳಿದಳು. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು, ನನಗೂ ಅರ್ಥವಾಗುವಂಥದ್ದು:

"ವಿಚ್ ನೋಟ್?"

ಪ್ಯಾನನ್ನು ನೆಟ್ಟಗೆ ಮಾಡಿಸಿದೆ. ಫೋನನ್ನು ಹತ್ತಿರ ಹಿಡಿ ಎಂದು ಟೀಚರ್‌ಗೆ ಸನ್ನೆ ಮಾಡಿ, ರಬ್ಬರ್ ಕೋಲು ತೆಗೆದುಕೊಂಡು, ನಾನು ಹಾಳುಮಾಡಿದ ಜಾಗಕ್ಕೆ ಒಂದು ಹೊಡೆದೆ.